ಅವನೇ ಮೊದಲು ಹೊಡೆದದ್ದು, ಸಾರ್

ನಿನ್ನ ಫೋನು ಬಂದಾಗ ನಾನು ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದೆ. "ಸಾರ್, ಹತ್ತನೇ ಕ್ಲಾಸಿಗೆ ವಿಶ್ವಸಂಸ್ಥೆ ಪಾಠ ಶುರು ಮಾಡಬೇಕು. ಯುದ್ಧ, ಶಾಂತಿಪಾಲನಾ ಪಡೆ ಅಂತೆಲ್ಲ ಹೇಳಬೇಕು. ಹುಡುಗರ ಬಾಯಲ್ಲಿ ಬರೀ ಡ್ರೋನು, ಮಿಸೈಲು. ಎಲ್ಲಿಂದ ಹಿಡಿದುಕೊಳ್ಳಲಿ?" ಎಂದು ನೀನು ಕೇಳುತ್ತಿದ್ದಂತೆ ಸಿಗ್ನಲ್ ಹೋಯಿತು. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಫೋನಿನಲ್ಲಾಗಿದ್ದರೆ "ಪುಸ್ತಕದಲ್ಲಿ ಇದ್ದಂತೆ ಹೇಳಮ್ಮ, ಸಾಕು" ಅಂದು ಮುಗಿಸಿಬಿಡುತ್ತಿದ್ದೆ. ನಾನು ಕೆಲಸಕ್ಕೆ ಸೇರಿದಾಗ ನನಗೂ ಹಿರಿಯರೊಬ್ಬರು ಹಾಗೆಯೇ ಹೇಳಿದ್ದರು. ಅವರ ಮಾತು ಕೇಳಿ ಹತ್ತು ವರ್ಷ ಆ ಪಾಠವನ್ನು ಕೊಂದೆ.

ಹೇಗೆ ಕೊಂದೆ ಅಂತ ಹೇಳುತ್ತೇನೆ. ವಿಶ್ವಸಂಸ್ಥೆ ಹುಟ್ಟಿದ್ದು 1945ರ ಅಕ್ಟೋಬರ್ 24. ಅಂಗಗಳು ಆರು. ಭದ್ರತಾ ಮಂಡಳಿಯ ಖಾಯಂ ಸದಸ್ಯರು ಐದು, ಅವರಿಗೆ ವೀಟೊ. ಕೇಂದ್ರ ಕಚೇರಿ ನ್ಯೂಯಾರ್ಕ್. ಇಷ್ಟನ್ನು ಬೋರ್ಡಿನ ಮೇಲೆ ಬರೆದು, ಕಾಪಿ ಮಾಡಿಸಿ, ಕೊನೆಗೆ "ಯುದ್ಧ ಕೆಟ್ಟದ್ದು, ಶಾಂತಿ ಒಳ್ಳೆಯದು" ಎಂದು ಒಗ್ಗರಣೆ ಹಾಕುತ್ತಿದ್ದೆ. ಮಕ್ಕಳು ಎರಡು ಅಂಕದ ಪ್ರಶ್ನೆಗೆ ಎರಡೂ ಅಂಕ ತರುತ್ತಿದ್ದರು. ಪಾಠ ಮುಗಿಸಿ ಹೊರಗೆ ಹೋದವರೇ ನಲ್ಲಿ ಹತ್ತಿರ ಕೊಡಪಾನ ಎತ್ತಿ ಹೊಡೆದಾಡುತ್ತಿದ್ದರು.

ಆ ನಲ್ಲಿಯೇ ನನಗೆ ಪಾಠ ಕಲಿಸಿತು ಅನ್ನಬೇಕು. ಒಂದು ದಿನ ಇಬ್ಬರು ಹುಡುಗರನ್ನು ಹಿಡಿದು ತಂದರು. ಒಬ್ಬನ ತುಟಿ ಒಡೆದಿತ್ತು. ಯಾಕೋ ಅಂದರೆ ಇಬ್ಬರ ಬಾಯಲ್ಲೂ ಒಂದೇ ಮಾತು: "ಅವನೇ ಮೊದಲು ಹೊಡೆದದ್ದು, ಸಾರ್." ಒಬ್ಬನ ಕಥೆ ನಲ್ಲಿಯ ಸಾಲಿನಿಂದ ಶುರುವಾಗುತ್ತಿತ್ತು. ಇನ್ನೊಬ್ಬನ ಕಥೆ ನಿನ್ನೆಯ ಕಬಡ್ಡಿಯಿಂದ. ಕೂರಿಸಿ ಕೇಳಿದರೆ ಮೊದಲಿನವನದು ಎಂಟನೇ ಕ್ಲಾಸಿಗೆ ಹೋಯಿತು, ಎರಡನೆಯವನದು ಅವರ ಅಪ್ಪಂದಿರ ತೋಟದ ಬೇಲಿಗೆ ಹೋಯಿತು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ತಮತಮಗೆ ಅನುಕೂಲವಾದ ದಿನದಿಂದ ಶುರು ಮಾಡುತ್ತಿದ್ದರು, ಅಷ್ಟೆ. ಕಥೆ ಯಾವ ದಿನದಿಂದ ಶುರುವಾಗುತ್ತದೋ ಅಲ್ಲೇ ಅರ್ಧ ತೀರ್ಪು ಬರೆದಾಗಿರುತ್ತದೆ. ನಿನ್ನ ಮಕ್ಕಳಿಗೆ ಇದೊಂದು ಗೊತ್ತಾದರೆ ಆ ಪಾಠದ ಮುಕ್ಕಾಲು ಪಾಲು ಆದಂತೆ. ಈ ಕಾಗದದಲ್ಲಿ ನಾನು ಹೇಳಬೇಕೆಂದಿರುವುದೂ ಹೆಚ್ಚು ಕಡಿಮೆ ಇಷ್ಟೇ. ಉಳಿದದ್ದೆಲ್ಲ ಅದನ್ನು ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಹೇಗೆ ಮಾಡುವುದು ಅನ್ನುವ ಉಪಾಯ.

ಮೊದಲ ಉಪಾಯ: ಇಡೀ ಪ್ರಪಂಚವನ್ನು ಹೊರಲು ಹೋಗಬೇಡ. ಒಂದೇ ಜಗಳ ತೆಗೆದುಕೊ, ತಳ ಕಾಣುವವರೆಗೆ ಇಳಿ. ಅದು ಈಗ ಟಿವಿಯಲ್ಲಿ ಉರಿಯುತ್ತಿರುವ ಜಗಳ ಆಗದಿರಲಿ. ಉರಿಯುವ ಜಗಳಕ್ಕೆ ಮಕ್ಕಳು ಮನೆಯಿಂದಲೇ ಪಕ್ಷ ಕಟ್ಟಿಕೊಂಡು ಬಂದಿರುತ್ತಾರೆ. ನಾನು ಆರಿಸಿಕೊಂಡದ್ದು ಸೈಪ್ರಸ್. ನಮ್ಮ ಹುಡುಗರಿಗೆ ಅದರ ಬಗ್ಗೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಕೊಡಗಿನ ಎರಡು ಪಟ್ಟಿಗಿಂತ ಸ್ವಲ್ಪ ದೊಡ್ಡ ದ್ವೀಪ. ಆದರೆ ಅಲ್ಲಿಗೆ ನಮ್ಮ ಊರಿನಿಂದ ಒಂದು ದಾರಿ ಇದೆ.

ಆ ದಾರಿ ಮಡಿಕೇರಿಯ 'ಸನ್ನಿ ಸೈಡ್' ಮನೆಯಿಂದ ಹೊರಡುತ್ತದೆ. ಜನರಲ್ ಕೊಡಂದೇರ ತಿಮ್ಮಯ್ಯನವರ ಮನೆ. ನಾವು ಚಿಕ್ಕವರಿದ್ದಾಗಿನಿಂದ ಅದು ಆರ್‌ಟಿಒ ಕಚೇರಿ ಆಗಿತ್ತು. ನಾನು ಸ್ಕೂಟರ್ ಲೈಸೆನ್ಸಿಗೆ ಸಹಿ ಹಾಕಿದ್ದು ಆ ಜನರಲ್ ಬೆಳೆದ ಮನೆಯ ಹಜಾರದಲ್ಲಿ, ಆಗ ನನಗೆ ಅದು ತಿಳಿದೇ ಇರಲಿಲ್ಲ. 2021ರಲ್ಲಿ ಅದನ್ನು ಮ್ಯೂಸಿಯಂ ಮಾಡಿದರು. ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾಗಿದ್ದರು ಅನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವರು ಎರಡು ಸಲ ಪರರ ಜಗಳದ ನಡುವೆ ಹೋಗಿ ನಿಂತವರು ಅನ್ನುವುದನ್ನು ಹೇಳುವವರು ಕಡಿಮೆ.

ಮೊದಲನೆಯದು ಕೊರಿಯ. 1953ರ ಜುಲೈನಲ್ಲಿ ಕದನವಿರಾಮ ಆಯಿತು, ಆದರೆ ಎರಡೂ ಕಡೆಯ ಸೆರೆಯಾಳುಗಳ ಪೈಕಿ 22 ಸಾವಿರಕ್ಕೂ ಹೆಚ್ಚು ಮಂದಿ ಊರಿಗೆ ವಾಪಸು ಹೋಗುವುದಿಲ್ಲ ಎಂದು ಕೂತಿದ್ದರು. ಅವರು ನಿಜವಾಗಿ ತಾವಾಗಿಯೇ ಹಾಗೆನ್ನುತ್ತಿದ್ದಾರೋ, ಹೆದರಿಸಿ ಹೇಳಿಸಿದ್ದೋ? ಅದನ್ನು ಇತ್ಯರ್ಥ ಮಾಡಲು ಐದು ದೇಶಗಳ ಒಂದು ಆಯೋಗ, ಅದಕ್ಕೆ ಅಧ್ಯಕ್ಷರು ತಿಮ್ಮಯ್ಯ. ಕಾವಲಿಗೆ ಭಾರತದ ಸೈನಿಕರು. ದಕ್ಷಿಣ ಕೊರಿಯದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತದವರು ತನ್ನ ನೆಲ ತುಳಿಯುವುದೇ ಬೇಡವಾಗಿತ್ತು. ಹಾಗಾಗಿ ನಮ್ಮ ಸೈನಿಕರನ್ನು ಹೆಲಿಕಾಪ್ಟರಿನಲ್ಲಿ ನೇರ ಎರಡೂ ಸೇನೆಗಳ ನಡುವಿನ ಪಟ್ಟಿಗೇ ಕೊಂಡೊಯ್ದು ಇಳಿಸಿದರು. ಸೆರೆಯಾಳನ್ನು ಒಂದು ಡೇರೆಗೆ ಕರೆತರುವುದು, ಅವನ ದೇಶದವರು ಅವನಿಗೆ ವಿವರಿಸಿ ಕೇಳುವುದು, ಆಮೇಲೆ ಅವನು ಎರಡು ಬಾಗಿಲಿನಲ್ಲಿ ಒಂದನ್ನು ಆರಿಸಿಕೊಂಡು ಹೊರಗೆ ನಡೆಯುವುದು. ಒಂದು ಬಾಗಿಲು ಊರಿಗೆ, ಇನ್ನೊಂದು ಊರು ಬೇಡ ಅನ್ನುವವರಿಗೆ. ಕೊನೆಗೆ 88 ಮಂದಿ ಎರಡೂ ಕೊರಿಯ, ಚೀನಾ ಯಾವುದೂ ಬೇಡವೆಂದು ಭಾರತೀಯ ಪಡೆಯ ಜೊತೆ ಇಲ್ಲಿಗೆ ಬಂದರು. ಈ ಎರಡು ಬಾಗಿಲ ಡೇರೆಯನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸು. ಮಕ್ಕಳು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಉತ್ತರ ಕೊಡಲು ಅವಸರಪಡಬೇಡ.

ಎರಡನೆಯದು ಸೈಪ್ರಸ್. ಇಲ್ಲಿ ನಿಲ್ಲು, ಎರಡು ಪಿರಿಯಡ್ ನಿಲ್ಲು.

1960ರಲ್ಲಿ ಬ್ರಿಟಿಷರಿಂದ ಬಿಡುಗಡೆ. ನೂರಕ್ಕೆ ಎಂಬತ್ತರ ಹತ್ತಿರ ಗ್ರೀಕ್ ಮಾತನಾಡುವವರು, ಹದಿನೆಂಟರ ಹತ್ತಿರ ತುರ್ಕಿ ಮಾತನಾಡುವವರು. ಅಧ್ಯಕ್ಷ ಗ್ರೀಕರವನು, ಉಪಾಧ್ಯಕ್ಷ ತುರ್ಕರವನು, ಸರ್ಕಾರಿ ನೌಕರಿ 70ಕ್ಕೆ 30 ಎಂದು ಸಂವಿಧಾನದಲ್ಲೇ ಪಾಲು. ಮೂರೇ ವರ್ಷಕ್ಕೆ ಅಧ್ಯಕ್ಷ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿ ಸೂಚಿಸಿದರು. 1963ರ ಡಿಸೆಂಬರಿನಲ್ಲಿ ಬೀದಿಯಲ್ಲಿ ರಕ್ತ ಹರಿಯಿತು. ಸುಮಾರು 25 ಸಾವಿರ ತುರ್ಕಿ ಸೈಪ್ರಿಯಟರು ಮನೆ ಬಿಟ್ಟು ತಮ್ಮವರೇ ಇರುವ ಕೇರಿಗಳಿಗೆ ಸೇರಿಕೊಂಡರು. ಆ ಡಿಸೆಂಬರ್ ಕೊನೆಗೆ ಪೀಟರ್ ಯಂಗ್ ಎಂಬ ಬ್ರಿಟಿಷ್ ಮೇಜರ್ ಜನರಲ್ ರಾಜಧಾನಿ ನಿಕೋಸಿಯದ ನಕ್ಷೆ ಹರವಿಕೊಂಡು ಕೈಗೆ ಸಿಕ್ಕ ಹಸಿರು ಪೆನ್ಸಿಲ್ಲಿನಿಂದ ಊರ ನಡುವೆ ಒಂದು ಗೆರೆ ಎಳೆದರು. ಅದಕ್ಕೆ ಇವತ್ತಿಗೂ ಹೆಸರು ಹಸಿರು ಗೆರೆ.

ಇಲ್ಲಿ ಹಸಿರು ಸೀಮೆಸುಣ್ಣ ತೆಗೆದುಕೊ. ಬೋರ್ಡಿನ ಮೇಲೆ ನಿಮ್ಮ ಊರಿನದೇ ನಕ್ಷೆ ಬರೆ: ಬಸ್ ಸ್ಟ್ಯಾಂಡು, ಶಾಲೆ, ಗಿರಣಿ, ಸಂತೆಮಾಳ. ಆಮೇಲೆ ಒಂದೇ ಏಟಿಗೆ ನಡುವೆ ಗೆರೆ ಎಳೆ. ಯಾರ ಮನೆ ಎತ್ತ ಹೋಯಿತು ಎಂದು ಅವರೇ ಕೂಗಾಡುತ್ತಾರೆ. ಗಿರಣಿ ಒಂದು ಕಡೆ, ಭತ್ತ ಒಂದು ಕಡೆ. ನಂತರ ಗಣಿತದ ಮೇಷ್ಟ್ರ ಕೆಲಸ ಸ್ವಲ್ಪ ಕದಿ: 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ನೆಲದ ಮೇಲೆ ಅದರ ಅಗಲ ಎಷ್ಟು? 50 ಮೀಟರ್. ಆ 50 ಮೀಟರಿನಲ್ಲಿ ಇರುವ ಮನೆ, ಬಾವಿ, ಮರಗಳ ಮಾಲೀಕ ಯಾರು? ನಾನು ಇದನ್ನು ಮಾಡಿದ ವರ್ಷ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಗೆರೆಯ ಮೇಲೇ ನಮ್ಮ ಹಟ್ಟಿ ಇದೆ, ದನ ಎಲ್ಲಿಗೆ ಹೊಡೀಲಿ?" ಅಂದ. ಕ್ಲಾಸು ನಕ್ಕಿತು. ಅವನು ನಗಲಿಲ್ಲ. ನಿಜಕ್ಕೂ ಯೋಚನೆಗೆ ಬಿದ್ದಿದ್ದ.

1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿ ಅಲ್ಲಿಗೆ ಪಡೆ ಕಳಿಸಿತು. ಮೊದಲ ದಂಡನಾಯಕ ಭಾರತದ ಪಿ.ಎಸ್. ಗ್ಯಾನಿ. ಆ ಜುಲೈಯಲ್ಲಿ ಬಂದವರು ತಿಮ್ಮಯ್ಯ. ಬಂದು ತಿಂಗಳಾಗುವಷ್ಟರಲ್ಲಿ ತುರ್ಕಿಯ ವಿಮಾನಗಳು ಬಂದು ಬಾಂಬು ಹಾಕಿದವು. ಅವರ ಕೈಕೆಳಗೆ ಹಲವು ದೇಶಗಳಿಂದ ಬಂದ ಆರು ಸಾವಿರದಷ್ಟು ಸೈನಿಕರಿದ್ದರು, ಆದರೆ ಯಾರನ್ನೂ ಗೆಲ್ಲುವ ಅಧಿಕಾರ ಇರಲಿಲ್ಲ. ಶತ್ರು ಅನ್ನುವವನೇ ಇಲ್ಲದ ದಂಡು ಅದು. ಇಲ್ಲಿ ಸೇನೆಯವರ ಮಕ್ಕಳು ಇರುವ ಕ್ಲಾಸಿನಲ್ಲಿ ಈ ಮಾತು ಹೇಳಿ ನೋಡು, ಎಷ್ಟು ಗೊಂದಲ ಆಗುತ್ತದೆ ಅಂತ. ತಿಮ್ಮಯ್ಯ 1965ರ ಡಿಸೆಂಬರ್ 18ರಂದು ಅಲ್ಲೇ, ಆ ಕೆಲಸದಲ್ಲಿರುವಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಮುಂದೆ 1974. ಜುಲೈ 15ರಂದು ಗ್ರೀಸಿನ ಸೇನಾ ಸರ್ಕಾರದ ಕುಮ್ಮಕ್ಕಿನಿಂದ ಮಕಾರಿಯೋಸರನ್ನು ಉರುಳಿಸುವ ದಂಗೆ. ಜುಲೈ 20ರಂದು ತುರ್ಕಿಯ ಸೇನೆ ಬಂದಿಳಿಯಿತು. ದ್ವೀಪದ ಮೂರರಲ್ಲೊಂದಕ್ಕೂ ಹೆಚ್ಚು ಭಾಗ ಅದರ ಹಿಡಿತಕ್ಕೆ ಹೋಯಿತು. ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು, ಹತ್ತಾರು ಸಾವಿರ ತುರ್ಕಿ ಸೈಪ್ರಿಯಟರು ಉತ್ತರಕ್ಕೆ ಹೋದರು. ವಿಶ್ವಸಂಸ್ಥೆಯ ಪಡೆಗೆ ಆಗಲೂ ನಮ್ಮವರೇ ಒಬ್ಬರು, ದಿವಾನ್ ಪ್ರೇಮ್ ಚಂದ್, ದಂಡನಾಯಕ. ದೊಡ್ಡ ಯುದ್ಧವನ್ನು ತಡೆಯಲು ಅವರಿಂದ ಆಗಲಿಲ್ಲ. ನಿಕೋಸಿಯದ ವಿಮಾನ ನಿಲ್ದಾಣವೊಂದನ್ನು ಮಾತ್ರ ವಿಶ್ವಸಂಸ್ಥೆಯ ಸುಪರ್ದಿಗೆ ತೆಗೆದುಕೊಂಡು, ಯಾರಿಗೂ ಬಿಟ್ಟುಕೊಡದೆ ಉಳಿಸಿಕೊಂಡರು. ಇವತ್ತಿಗೂ ಅಲ್ಲಿ ಒಂದು ಪ್ರಯಾಣಿಕರ ವಿಮಾನ ತುಕ್ಕು ಹಿಡಿದು ನಿಂತಿದೆ.

ಈಗ ನಲ್ಲಿಯ ಹತ್ತಿರಕ್ಕೆ ವಾಪಸು ಬಾ. ಗ್ರೀಕ್ ಸೈಪ್ರಿಯಟ್ ಮಗುವನ್ನು ಕೇಳಿದರೆ ಕಥೆ 1974ರಿಂದ ಶುರು. ಅಲ್ಲಿಯ ಶಾಲೆಗಳಲ್ಲಿ ಮಕ್ಕಳ ನೋಟ್‌ಬುಕ್ಕಿನ ಮೇಲೆ ಕಳೆದುಕೊಂಡ ಊರುಗಳ ಚಿತ್ರ, ಅದರ ಜೊತೆ 'ನಾನು ಮರೆಯುವುದಿಲ್ಲ' ಎಂಬ ಅರ್ಥದ ಗ್ರೀಕ್ ಮಾತು ಅಚ್ಚಾಗಿರುತ್ತಿತ್ತು. ತುರ್ಕಿ ಸೈಪ್ರಿಯಟ್ ಮಗುವಿಗೆ ಕಥೆ 1963ರಿಂದ ಶುರುವಾಗಿ 1974ಕ್ಕೆ ಮುಗಿಯುತ್ತದೆ, ಬಿಡುಗಡೆಯಾಯಿತು ಎಂದು. ಜುಲೈ 20ರಂದು ಒಂದು ಕಡೆ ಬೆಳಗಿನ ಜಾವ ಶೋಕದ ಸೈರನ್, ಇನ್ನೊಂದು ಕಡೆ ಹಬ್ಬದ ಕವಾಯತು. ನಿಕೋಸಿಯದ ಹಳೇ ಪಟ್ಟಣದಲ್ಲಿ ಎರಡು ಕಡೆಗೂ ಮಧ್ಯೆ ಕೆಲವು ಹೆಜ್ಜೆಗಳ ಅಂತರ.

ಬೋರ್ಡಿನಲ್ಲಿ ಎರಡು ಕಾಲಂ ಎಳೆದು, ಕ್ಲಾಸನ್ನು ಎರಡು ಮಾಡಿ, ಒಂದು ಗುಂಪಿಗೆ 1963ರಿಂದ, ಇನ್ನೊಂದಕ್ಕೆ 1974ರಿಂದ ಕಥೆ ಬರೆಯಲು ಹೇಳು. ಆಮೇಲೆ ಕಾಗದ ಅದಲುಬದಲು ಮಾಡಿಸಿ ಓದಿಸು. ಎರಡರಲ್ಲೂ ಸುಳ್ಳು ಹುಡುಕಿ ಅನ್ನು. ಹೆಚ್ಚು ಸಿಗುವುದಿಲ್ಲ. ಬಿಟ್ಟುಹೋದದ್ದನ್ನು ಹುಡುಕಿ ಅನ್ನು, ಆಗ ಕೈಗಳು ಏಳುತ್ತವೆ.

ಶಾಂತಿಪಾಲಕರು ಅಲ್ಲಿ ಮಾಡುವುದಾದರೂ ಏನು ಅಂತ ಕೇಳುತ್ತಾರೆ. ಎರಡೂ ಕಡೆಯ ಸೇನೆಗಳ ನಡುವೆ ಉಳಿದ, ಸುಮಾರು 180 ಕಿಲೋಮೀಟರ್ ಉದ್ದದ ನಡುಪಟ್ಟಿಯಲ್ಲಿ ಗಸ್ತು ತಿರುಗುತ್ತಾರೆ. ಯಾರೋ ಮರಳು ಮೂಟೆ ಹೊಸದಾಗಿ ಇಟ್ಟರೆ ಬರೆದುಕೊಳ್ಳುತ್ತಾರೆ, ತೆಗೆಯಿರಿ ಅಂತ ಬೇಡುತ್ತಾರೆ. ಪಟ್ಟಿಯೊಳಗೆ ಹೊಲ ಇರುವವನಿಗೆ ಉಳಲು ಪರವಾನಗಿ ಕೊಡುತ್ತಾರೆ. 1989ರಲ್ಲಿ ನಿಕೋಸಿಯದ ತೀರಾ ಇಕ್ಕಟ್ಟಾದ ಕಡೆಗಳಲ್ಲಿ ಎರಡೂ ಸೇನೆಯ ಕಾವಲುಗಾರರು ಪರಸ್ಪರ ಕಣ್ಣಿಗೆ ಬೀಳದಷ್ಟು ಹಿಂದೆ ಸರಿಯುವಂತೆ ಒಪ್ಪಿಸಿದರು. ಎದುರಿಗೆ ಮುಖ ಕಾಣದಿದ್ದರೆ ಬೈಯುವುದು ಹೇಗೆ, ಕಲ್ಲು ಬೀಸುವುದು ಯಾರಿಗೆ? ನಮ್ಮ ಶಾಲೆಯಲ್ಲಿ ಆ ಇಬ್ಬರು ಹುಡುಗರ ಬೆಂಚು ದೂರ ಮಾಡಿದ ಹಾಗೆ. ಜಗಳ ಮುಗಿಯಲಿಲ್ಲ, ತುಟಿ ಒಡೆಯುವುದು ನಿಂತಿತು.

ಇದಕ್ಕೊಂದು ಎದುರು ಮಾತಿದೆ, ಅದನ್ನೂ ಬಚ್ಚಿಡಬೇಡ. 1964ರಲ್ಲಿ ಹೋದ ಪಡೆ ಇನ್ನೂ ಅಲ್ಲೇ ಇದೆ. ಕಾವಲು ಇದೆಯಲ್ಲ ಅಂತ ಎರಡೂ ಕಡೆಯ ರಾಜಕಾರಣಿಗಳು ಹಾಯಾಗಿದ್ದಾರೆ, ಒಪ್ಪಂದದ ತುರ್ತೇ ಇಲ್ಲ ಅನ್ನುವವರಿದ್ದಾರೆ. 2004ರಲ್ಲಿ ದ್ವೀಪವನ್ನು ಮತ್ತೆ ಒಂದು ಮಾಡುವ ಯೋಜನೆಗೆ ಜನಮತ ಕೇಳಿದಾಗ ತುರ್ಕಿ ಸೈಪ್ರಿಯಟರಲ್ಲಿ ನೂರಕ್ಕೆ 65 ಮಂದಿ ಹೂಂ ಅಂದರು, ಗ್ರೀಕ್ ಸೈಪ್ರಿಯಟರಲ್ಲಿ 76 ಮಂದಿ ಬೇಡ ಅಂದರು. ಹಾಗಾದರೆ ಪಡೆ ಗೆದ್ದಿತೋ ಸೋತಿತೋ? ನನಗೆ ಕೇಳಿದರೆ, ಐವತ್ತು ವರ್ಷ ಮಕ್ಕಳು ಹೆಚ್ಚೂಕಡಿಮೆ ಗುಂಡಿನ ಸದ್ದಿಲ್ಲದೆ ಶಾಲೆಗೆ ಹೋಗಿ ಬಂದದ್ದನ್ನು ಸೋಲು ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ಇದು ನನ್ನ ಅಭಿಪ್ರಾಯ, ನಿನ್ನ ಕ್ಲಾಸಿನಲ್ಲಿ ಹೇಳಬೇಕಾಗಿಲ್ಲ.

ಸೈಪ್ರಸ್ ಬಿಡುವ ಮುಂಚೆ ಒಂದು. 1963ರಿಂದ 1974ರ ನಡುವೆ ಕಾಣೆಯಾದವರು 2,002 ಮಂದಿ: 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು. 2006ರಿಂದ ಎರಡೂ ಸಮುದಾಯದ ತರುಣ ತರುಣಿಯರು ಒಂದೇ ತಂಡವಾಗಿ ಹೊಲ, ಬಾವಿ, ಬೆಟ್ಟಗಳಲ್ಲಿ ಅಗೆದು ಮೂಳೆ ಹುಡುಕುತ್ತಿದ್ದಾರೆ. ನಡುಪಟ್ಟಿಯೊಳಗಿನ ಪ್ರಯೋಗಾಲಯದಲ್ಲಿ ಗುರುತು ಹಿಡಿದು ಮನೆಯವರಿಗೆ ಒಪ್ಪಿಸುತ್ತಾರೆ. ಹೀಗೆ ಗುರುತು ಸಿಕ್ಕವರು ಸಾವಿರ ದಾಟಿದ್ದಾರೆ. ಇದನ್ನು ಹೇಳುವಾಗ ದನಿ ಏರಿಸಬೇಡ. ಹದಿನೈದರ ಮಕ್ಕಳಿಗೆ ಸಾವು ಅರ್ಥವಾಗುತ್ತದೆ, ನಮ್ಮ ಭಾಷಣ ಅರ್ಥವಾಗುವುದಿಲ್ಲ.

ಈಗ ನನ್ನ ತಪ್ಪಿನ ಕಥೆ. ಸೈಪ್ರಸ್ ಚೆನ್ನಾಗಿ ಹೋಯಿತಲ್ಲ ಎಂಬ ಹುರುಪಿನಲ್ಲಿ ಒಂದು ವರ್ಷ ರುವಾಂಡಕ್ಕೂ ಎರಡು ಕಾಲಂ ಎಳೆದೆ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರನ್ನು, ಬಹುಪಾಲು ಟುಟ್ಸಿ ಸಮುದಾಯದವರನ್ನು, ಅಕ್ಕಪಕ್ಕದವರೇ ಮಚ್ಚಿನಿಂದ ಕೊಂದ ಕಥೆ ಅದು. ರೇಡಿಯೊದಲ್ಲಿ ಹೆಸರು ಓದಿ ಕೊಲ್ಲಲು ಕರೆ ಕೊಡುತ್ತಿದ್ದರು. ಎರಡನೇ ಬೆಂಚಿನ ಹುಡುಗಿ ಪೆನ್ನು ಹಿಡಿದು ಕೇಳಿದಳು: "ಸಾರ್, ಎರಡನೇ ಕಾಲಂನಲ್ಲಿ ಏನು ಬರೀಬೇಕು?"

ನನ್ನ ಬಳಿ ಉತ್ತರ ಇರಲಿಲ್ಲ. ಬೋರ್ಡು ಒರೆಸಿದೆ.

ಎಲ್ಲ ಹಿಂಸೆಯೂ ನಲ್ಲಿಯ ಜಗಳ ಅಲ್ಲ. ರುವಾಂಡದಲ್ಲಿ ವಿಶ್ವಸಂಸ್ಥೆಯ ಪಡೆಯೂ ನನ್ನ ಹಾಗೆಯೇ ಎಡವಿತ್ತು. ದಂಡನಾಯಕ, ಕೆನಡಾದ ರೋಮಿಯೊ ಡಲೇರ್, ಜನವರಿ 11ರಂದೇ ನ್ಯೂಯಾರ್ಕಿಗೆ ಬರೆದಿದ್ದರು: ಆಯುಧ ಕೂಡಿಡುತ್ತಿದ್ದಾರೆ, ವಶಪಡಿಸಿಕೊಳ್ಳಬೇಕೆಂದಿದ್ದೇನೆ ಅಂತ. ಬೇಡ, ಅದು ನಿಮ್ಮ ಅಧಿಕಾರಕ್ಕೆ ಬರುವುದಿಲ್ಲ ಅನ್ನುವ ಉತ್ತರ ಬಂತು. ಕೊಲೆ ಶುರುವಾದಾಗ ಹತ್ತು ಬೆಲ್ಜಿಯಂ ಸೈನಿಕರು ಸತ್ತರು, ಬೆಲ್ಜಿಯಂ ತನ್ನವರನ್ನು ವಾಪಸು ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿ 2,500ರಷ್ಟಿದ್ದ ಪಡೆಯನ್ನು 270ಕ್ಕೆ ಇಳಿಸುವ ನಿರ್ಣಯ ಮಾಡಿತು. ಶಾಂತಿಪಾಲಕರಿಗೆ ಎರಡೂ ಕಡೆಯವರ ಒಪ್ಪಿಗೆ ಬೇಕು, ಪಕ್ಷಪಾತ ಕೂಡದು, ಆತ್ಮರಕ್ಷಣೆಗೆ ಬಿಟ್ಟರೆ ಗುಂಡು ಹಾರಿಸಬಾರದು. ಸೈಪ್ರಸ್ಸಿನಲ್ಲಿ ಜೀವ ಉಳಿಸಿದ ಈ ನಿಯಮಗಳೇ ಇಲ್ಲಿ ಕೈ ಕಟ್ಟಿಹಾಕಿದವು. ಮಚ್ಚು ಹಿಡಿದವನಿಗೂ ಕತ್ತು ಬಗ್ಗಿಸಿದವನಿಗೂ ನಡುವೆ ಎಂಥ ನಿಷ್ಪಕ್ಷಪಾತ? ಮರುವರ್ಷ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲೂ ಹೀಗೇ. ವಿಶ್ವಸಂಸ್ಥೆಯೇ ಸುರಕ್ಷಿತ ಪ್ರದೇಶ ಎಂದು ಸಾರಿದ್ದ ಊರಿನಲ್ಲಿ ಎಂಟು ಸಾವಿರದಷ್ಟು ಗಂಡಸರನ್ನೂ ಹುಡುಗರನ್ನೂ ಕೊಂದರು.

ರುವಾಂಡದ ಪಾಠದಲ್ಲಿ ಒಂದು ಹೆಸರು ಬಿಡಬೇಡ: ಕ್ಯಾಪ್ಟನ್ ಎಂಬಾಯ್ ದಿಯಾನ್. ಸೆನೆಗಲ್‌ನವನು, ಆಯುಧವಿಲ್ಲದ ವೀಕ್ಷಕ. ಜೀಪಿನಲ್ಲಿ ಐದಾರು ಜನರನ್ನು ಕೂರಿಸಿಕೊಂಡು, ದಾರಿಯ ತಡೆಗಳಲ್ಲಿ ನಗಿಸಿ, ಹರಟಿ, ಸಿಗರೇಟು ಕೊಟ್ಟು ದಾಟಿಸುತ್ತಿದ್ದ. ಹೀಗೆ ನೂರಾರು ಜನ ಬದುಕಿದರು. ಮೇ 31ರಂದು ತಡೆಯೊಂದರ ಬಳಿ ಶೆಲ್ ಬಿದ್ದು ಸತ್ತ. ನಿಯಮ ಮುರಿದೇ ಅವನು ಅಷ್ಟು ಜೀವ ಉಳಿಸಿದ್ದು. ಹಾಗಾದರೆ ನಿಯಮ ಪಾಲಿಸಿದವರು ತಪ್ಪಿತಸ್ಥರೇ ಎಂದು ಒಬ್ಬರಾದರೂ ಕೇಳುತ್ತಾರೆ. ಕೇಳದಿದ್ದರೆ ನೀನೇ ಕೇಳು.

ಹೊರಗಿನವರೊಬ್ಬರನ್ನು ಕ್ಲಾಸಿಗೆ ಕರೆಸುವುದು ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಶಾಂತಿಪಾಲಕರ ನೀಲಿ ಟೋಪಿ ಹಾಕಿಬಂದವರು ಹುಡುಕಿದರೆ ಸಿಗುತ್ತಾರೆ. ವಿಶ್ವಸಂಸ್ಥೆಯ ಕೆಲಸದಲ್ಲಿ ಅತಿ ಹೆಚ್ಚು ಸೈನಿಕರನ್ನು ಕಳೆದುಕೊಂಡ ದೇಶ ಭಾರತವೇ. ನಾನು ಕರೆಸಿದ್ದು ಒಬ್ಬ ಹುಡುಗನ ತಂದೆಯನ್ನು, ಹವಾಲ್ದಾರರು, ಕಾಂಗೋದ ಗೋಮಾ ಹತ್ತಿರ ಒಂದು ವರ್ಷ ಇದ್ದವರು. ಪ್ಲಾಸ್ಟಿಕ್ ಕವರಿನಿಂದ ಟೋಪಿ ತೆಗೆದಾಗ ನುಸಿಗುಳಿಗೆಯ ವಾಸನೆ ಕ್ಲಾಸೆಲ್ಲ ಹರಡಿತು. "ಎಷ್ಟು ಜನಕ್ಕೆ ಗುಂಡು ಹೊಡೆದಿರಿ ಅಂಕಲ್?" ಎಂದು ಮೊದಲ ಪ್ರಶ್ನೆ. ಒಂದೂ ಇಲ್ಲ ಅಂದರು. ಹುಡುಗರ ಮುಖ ಇಳಿಯಿತು. ಅವರು ನಿಧಾನವಾಗಿ ಹೇಳಿದರು: ಬೆಳಗ್ಗೆ ಹೆಂಗಸರು ಸೌದೆಗೆ ಕಾಡಿಗೆ ಹೋಗುತ್ತಿದ್ದರು. ನಾವು ಜೊತೆಗೆ ಹೋಗಿ, ಹೋಗುವಾಗ ಒಂದು ಸಲ ಎಣಿಸುವುದು, ಬರುವಾಗ ಒಂದು ಸಲ ಎಣಿಸುವುದು. ಎರಡೂ ಲೆಕ್ಕ ಸರಿಯಾದರೆ ಆ ದಿನದ ಡ್ಯೂಟಿ ಮುಗಿಯಿತು. ಅವರು ನಮ್ಮ ಕ್ಲಾಸಿಗೆ ಬಂದುಹೋದ ಎರಡು ವರ್ಷಕ್ಕೆ, 2012ರ ನವೆಂಬರಿನಲ್ಲಿ, ಬಂಡುಕೋರರು ಗೋಮಾ ಪಟ್ಟಣವನ್ನೇ ಹಿಡಿದರು, ವಿಶ್ವಸಂಸ್ಥೆಯ ಪಡೆ ಅಲ್ಲೇ ಇದ್ದೂ ತಡೆಯಲಿಲ್ಲ. ಪೇಪರಿನಲ್ಲಿ ಅದನ್ನು ಓದಿದ ದಿನ ನನಗೆ ನೆನಪಾದದ್ದು ಆ ಎಣಿಕೆ.

ಇನ್ನು ನೀನು ಹೇಳಿದ ಡ್ರೋನು, ಮಿಸೈಲಿನ ವಿಷಯ. ಹುಡುಗರು ಮೊಬೈಲಿನಲ್ಲಿ ತಂದು ತೋರಿಸುವ ವಿಡಿಯೊ ನಲವತ್ತು ಸೆಕೆಂಡಿನದು. ಉಕ್ರೇನಿನದಿರಲಿ, ಗಾಜಾದ್ದಿರಲಿ, ನೋಡಬೇಡಿ ಅಂತ ಗದರಬೇಡ, ಬಾತ್‌ರೂಮಿನಲ್ಲಿ ನೋಡುತ್ತಾರೆ. ಒಂದೇ ಪ್ರಶ್ನೆ ಕೇಳು: ಈ ವಿಡಿಯೊ ಶುರುವಾಗುವ ಹಿಂದಿನ ನಿಮಿಷ ಏನಾಗಿತ್ತು? ಹಿಂದಿನ ವರ್ಷ? ಕ್ಯಾಮೆರಾ ಹಿಡಿದವನು ಯಾವ ಕಡೆ ನಿಂತಿದ್ದಾನೆ? ಸತ್ತವರ ಚಿತ್ರ ಮಾತ್ರ ನೀನಾಗಿ ತೋರಿಸಬೇಡ.

ಕೊನೆಯದು ಸ್ವಲ್ಪ ಕಷ್ಟದ ಮಾತು. ಕಾಶ್ಮೀರವೋ ಪಾಕಿಸ್ತಾನವೋ ಪಾಠದಲ್ಲಿ ಬಂದೇ ಬರುತ್ತದೆ, 1949ರಿಂದ ವಿಶ್ವಸಂಸ್ಥೆಯ ವೀಕ್ಷಕರು ಅಲ್ಲಿದ್ದಾರಲ್ಲ. ಆ ಹೆಸರು ಬಂದ ಕ್ಷಣ ಕ್ಲಾಸಿನಲ್ಲಿ ಯಾವ ಬೆಂಚಿನ ಕಡೆ ತಲೆಗಳು ತಿರುಗುತ್ತವೆ ಎಂದು ಗಮನಿಸು. ಆ ಬೆಂಚಿನಲ್ಲಿ ಕೂತ ಮಗು ಪುಸ್ತಕದಲ್ಲಿ ಮುಖ ಹುದುಗಿಸುತ್ತದೆ. ನಾನು ಬಹಳ ವರ್ಷ ಅದನ್ನು ನೋಡಿಯೂ ನೋಡದವನಂತೆ ಇದ್ದೆ. ಆಮೇಲೆ ಕಲಿತೆ: ಆ ಹೊತ್ತಿಗೆ ಬೋರ್ಡು ಬಿಟ್ಟು ನಡೆದುಹೋಗಿ ಆ ಬೆಂಚಿನ ಪಕ್ಕ ನಿಂತೇ ಪಾಠ ಮುಂದುವರಿಸುವುದು. ಏನೂ ಹೇಳಬೇಕಾಗಿಲ್ಲ. ತಲೆಗಳು ತಿರುಗಿದಾಗ ನೀನು ಕಾಣುತ್ತೀಯೆ.

ಪರೀಕ್ಷೆಯ ಚಿಂತೆ ಬೇಡ. ಆರು ಅಂಗ, ಐದು ಸದಸ್ಯರು, ವೀಟೊ, ಎಲ್ಲ ಕೊನೆಯ ಅರ್ಧ ಗಂಟೆಗೆ ಸಾಕು. ರುವಾಂಡ ಕೇಳಿದ ಮೇಲೆ ಭದ್ರತಾ ಮಂಡಳಿ ಅಂದರೇನು ಎಂದು ಉರು ಹೊಡೆಸಬೇಕಾಗಿಲ್ಲ.

ನವೆಂಬರಿನಲ್ಲಿ ಮಳೆ ನಿಂತ ಮೇಲೆ ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಬಾ, ಸನ್ನಿ ಸೈಡ್ ನೋಡೋಣ. ಯಾವ ವಾರ ರಜೆ ಅಂತ ಮೊದಲೇ ವಿಚಾರಿಸಿಕೊ. ಬಸ್ಸು ನಮ್ಮ ಮನೆ ದಾಟಿಯೇ ಹೋಗಬೇಕು, ಐದು ನಿಮಿಷ ನಿಲ್ಲಿಸು. ಬಿಳಿ ಸೀಮೆಸುಣ್ಣವನ್ನಷ್ಟೇ ಕೊಡುತ್ತಾರೆ ಅಂದಿದ್ದೆಯಲ್ಲ, ಹಸಿರಿನದು ನನ್ನ ಹತ್ತಿರ ಅರ್ಧ ಡಬ್ಬಿ ಉಳಿದಿದೆ. ತೇವಕ್ಕೆ ಮೆತ್ತಗಾಗದಿರಲಿ ಅಂತ ಕಾಳುಮೆಣಸಿನ ಜೊತೆ ಬಿಸಿಲಿಗೆ ಇಟ್ಟಿದ್ದೇನೆ.